ಸ್ತನದ ಅಲ್ಟ್ರಾಸೌಂಡ್ ಚಿತ್ರ ಸರಿ ಬರುತ್ತಿಲ್ವಾ? ಮೊದಲು ಕೈ, ಆಮೇಲೆ ಗುಂಡಿ, ಕೊನೆಗೆ ಎಂಜಿನಿಯರ್

ಚಿತ್ರ ಮಸುಕಾದ ಕೂಡಲೇ ಎಂಜಿನಿಯರ್‌ಗೆ ಫೋನ್ ಹಚ್ಚುವುದು ನಮ್ಮ ಕಡೆಯ ರೂಢಿ. ಅವರು ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಇರುತ್ತಾರೆ. ಮುದ್ದೇಬಿಹಾಳಕ್ಕೋ ಜಮಖಂಡಿಗೋ ಬಂದು ಮುಟ್ಟುವಷ್ಟರಲ್ಲಿ ಒಂದೆರಡು ದಿನ ಹೋಗುತ್ತದೆ. ಬಂದು ಪ್ರೋಬ್ (ಮೈಮೇಲೆ ಇಡುವ ಭಾಗ) ಒರೆಸಿ, ಪ್ರೀಸೆಟ್ (ಅಂಗಕ್ಕೆ ತಕ್ಕ ಸಿದ್ಧ ಸೆಟ್ಟಿಂಗ್) ಬದಲಿಸಿ, ವಿಸಿಟ್ ಚಾರ್ಜ್ ಬಿಲ್ ಕೊಟ್ಟು ಹೋಗುತ್ತಾರೆ. ಅಷ್ಟು ಮಾಡೋಕೆ ನಮಗೇ ಬರುತ್ತಿತ್ತು, ಅಲ್ವಾ?

ಸಣ್ಣ ಊರುಗಳ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಒಬ್ಬರೇ ಕೂತು ಕೆಲಸ ಮಾಡುವ ರೇಡಿಯಾಲಜಿಸ್ಟ್‌ಗಳಿಗೆ ಮತ್ತು ಈಗಷ್ಟೇ ಕೈ ಪಳಗಿಸುತ್ತಿರುವ ಪಿಜಿ ವಿದ್ಯಾರ್ಥಿಗಳಿಗೆ ಇದನ್ನು ಬರೆಯುತ್ತಿದ್ದೇನೆ. ಇರೋದು ಒಂದೇ ಮಷಿನ್. ಬೆಳಿಗ್ಗೆ ಅದರಲ್ಲಿ ಬಸುರಿಯರ ಸ್ಕ್ಯಾನ್, ಮಧ್ಯಾಹ್ನ ಕಿಡ್ನಿ ಕಲ್ಲು, ಅದರ ನಡುವೆ ಒಬ್ಬರು "ಎದ್ಯಾಗ ಗಂಟಾಗೇತ್ರಿ" ಅಂತ ಬರುತ್ತಾರೆ. ಸ್ತನದ ಚಿತ್ರ ಕೆಡೋದು ಹೆಚ್ಚಾಗಿ ಈ ಅವಸರದಲ್ಲಿ. ದೋಷ ಹುಡುಕುವಾಗ ಚರ್ಮದಿಂದ ಶುರುಮಾಡಿ. ಆಮೇಲೆ ನಿಮ್ಮ ಕೈ, ಆಮೇಲೆ ಗುಂಡಿಗಳು, ಆಮೇಲೆ ಪ್ರೋಬ್. ಕರೆಂಟು, ಅರ್ಥಿಂಗ್ ಎಲ್ಲಾ ಕೊನೆಗೆ. ಮೊದಲಿನ ಮೂರಕ್ಕೆ ಖರ್ಚು ಇಲ್ಲ.

ಒಂದು ಅಳತೆಗೋಲು ಕಣ್ಣಲ್ಲಿ ಇಟ್ಟುಕೊಳ್ಳಿ: ಚರ್ಮದ ಕೆಳಗಿನ ಕೊಬ್ಬು. ಅದು ಪರದೆಯಲ್ಲಿ ನಡುಮಟ್ಟದ ಬೂದು ಬಣ್ಣ ಇರಬೇಕು. ಹಾಲಿನ ಗ್ರಂಥಿಯ ಭಾಗ ಅದಕ್ಕಿಂತ ಬೆಳ್ಳಗೆ, ನೀರುಗಂಟು ಕಪ್ಪಗೆ. ತಳದಲ್ಲಿ ಎದೆಯ ಸ್ನಾಯು ಗೆರೆಗೆರೆಯಾಗಿ ಕಾಣಬೇಕು. ಕೊಬ್ಬು ಕಪ್ಪಗಿದ್ದರೆ ಗೇನ್ (ಚಿತ್ರದ ಬೆಳಕು ಏರಿಳಿಸುವ ಗುಂಡಿ) ಕಮ್ಮಿ, ಬೆಳ್ಳಗಿದ್ದರೆ ಜಾಸ್ತಿ. ಮುಂದೆ ಬರುವ ಯಾವ ತೊಂದರೆಯಲ್ಲೂ ಮೊದಲು ಈ ಕೊಬ್ಬನ್ನೇ ನೋಡಿ.

ಇಡೀ ಚಿತ್ರವೇ ಮಸುಕು, ಮಬ್ಬು

ಪರದೆಯ ಮೇಲ್ಭಾಗದಲ್ಲಿ ಏನು ಬರೆದಿದೆ ಓದಿ. ಪ್ರೀಸೆಟ್ 'ಬ್ರೆಸ್ಟ್' ಅಂತ ಇದೆಯಾ, ಅಥವಾ ಹಿಂದಿನ ರೋಗಿಯ 'ಥೈರಾಯ್ಡ್', 'ವ್ಯಾಸ್ಕ್ಯುಲರ್' ಹಾಗೇ ಉಳಿದಿದೆಯಾ? ರಕ್ತನಾಳದ ಪ್ರೀಸೆಟ್‌ನಲ್ಲಿ ಕಪ್ಪು ಬಿಳುಪು ಗಾಢವಾಗಿರುತ್ತದೆ. ಸ್ತನದಲ್ಲಿ ಅದು ನಡುವಿನ ಬೂದು ಛಾಯೆಗಳನ್ನು ನುಂಗಿಬಿಡುತ್ತದೆ. ಪ್ರೋಬ್ ಲೀನಿಯರ್ (ನೇರ ಮುಖದ್ದು) ಇರಬೇಕು, ನಡು ಆವರ್ತನ 12 ಮೆಗಾಹರ್ಟ್ಸ್ ಅಥವಾ ಮೇಲೆ ಇದ್ದರೆ ಒಳ್ಳೆಯದು. ಹಳೇ 7.5ರ ಲೀನಿಯರ್ ಪ್ರೋಬ್ ಒಂದೇ ಇರುವ ಸೆಂಟರ್‌ಗಳು ಇನ್ನೂ ಇವೆ. ಅದರಲ್ಲಿ ಎಷ್ಟು ಗುಂಡಿ ತಿರುವಿದರೂ ಸಣ್ಣ ಗಂಟಿನ ಅಂಚು ಸ್ಪಷ್ಟ ಬರೋದಿಲ್ಲ. ಅದು ಕೆಟ್ಟಿಲ್ಲ, ಅದರ ಮಿತಿಯೇ ಅಷ್ಟು. ಹೊಟ್ಟೆಯ ಕರ್ವ್ ಪ್ರೋಬ್‌ನಿಂದ ಸ್ತನ ನೋಡುವುದಂತೂ ಬೇಡ. ದೊಡ್ಡ ಬಾವು ಎಷ್ಟು ಆಳಕ್ಕೆ ಹೋಗಿದೆ ಅಂತ ಅಳೆಯೋಕೆ ಮಾತ್ರ ಅದು ಸರಿ.

ಪ್ರೀಸೆಟ್ ಸರಿಯಿದ್ದರೆ ಚರ್ಮ ನೋಡಿ. ನಮ್ಮ ಕಡೆ ಗಂಟು ಕೈಗೆ ಸಿಕ್ಕ ಕೂಡಲೇ ಆಸ್ಪತ್ರೆಗೆ ಬರುವವರು ಕಮ್ಮಿ. ಅರಿಷಿಣ, ಸುಣ್ಣ, ಔಡಲೆಣ್ಣೆ, ಯಾವುದೋ ತೊಪ್ಪಲಿನ ರಸ ಎಲ್ಲ ಹಚ್ಚಿ ಆಗಿರುತ್ತದೆ. ಒಣಗಿದ ಲೇಪದ ಪದರದಲ್ಲಿ ಗಾಳಿ ಸಿಕ್ಕಿಕೊಂಡು ಶಬ್ದ ಒಳಗೆ ಹೋಗೋದಿಲ್ಲ. ಟಾಲ್ಕಂ ಪೌಡರ್ ಕೂಡ ಹಾಗೇ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಜೆಲ್ ಹಾಕಿ. ಬೈಯಬೇಡಿ. ಮುಂದಿನ ಸಲ ಬರೋಕೇ ಹಿಂಜರಿಯುತ್ತಾರೆ.

ಜೆಲ್‌ನಲ್ಲಿ ಕಂಜೂಸಿತನ ಬೇಡ. ಬಾಟಲಿ ಜೋರಾಗಿ ಅಲ್ಲಾಡಿಸಿದರೆ ಒಳಗೆ ಗುಳ್ಳೆ ತುಂಬುತ್ತವೆ. ತಲೆಕೆಳಗಾಗಿ ನಿಲ್ಲಿಸಿಟ್ಟರೆ ಗುಳ್ಳೆ ಮೇಲೇರಿ ಹೋಗುತ್ತವೆ. ಪ್ರೋಬ್‌ನ ಮುಖದ ಮೇಲೆ ನಿನ್ನೆಯ ಜೆಲ್ ಒಣಗಿ ಪೊರೆ ಕಟ್ಟಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಮೆತ್ತಗಿನ ಬಟ್ಟೆ, ಕಂಪನಿ ಕೈಪಿಡಿಯಲ್ಲಿ ಹೇಳಿದ ದ್ರಾವಣ, ಇವೆರಡೇ ಸಾಕು. ಸ್ಪಿರಿಟ್ ಹಾಕಿ ತಿಕ್ಕುವ ಅಭ್ಯಾಸ ಇದ್ದರೆ ಬಿಡಿ. ಅನೇಕ ಪ್ರೋಬ್‌ಗಳ ರಬ್ಬರ್ ಮುಖ ಅದರಿಂದ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಇನ್ನೊಂದು ಯಾರೂ ಲೆಕ್ಕಕ್ಕೆ ತಗೊಳ್ಳದ ವಿಷಯ, ಕೋಣೆಯ ಬೆಳಕು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಪರದೆಗೆ ಬಿದ್ದರೆ ಚಿತ್ರ ಕಪ್ಪಗೆ ಕಾಣುತ್ತದೆ. ಕೈ ತಾನಾಗೇ ಗೇನ್ ಏರಿಸುತ್ತದೆ. ಸಂಜೆ ಅದೇ ಚಿತ್ರ ತೆಗೆದು ನೋಡಿದರೆ ಎಲ್ಲಾ ಸುಣ್ಣ ಬಳಿದಂತೆ. ಪರದೆಯ ಪಕ್ಕದ ಬೂದು ಪಟ್ಟಿಯಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಎಲ್ಲಾ ಮೆಟ್ಟಿಲೂ ಬೇರೆಬೇರೆಯಾಗಿ ಕಾಣಬೇಕು. ಕಾಣದಿದ್ದರೆ ಮೊದಲು ಕಿಟಕಿಯ ಪರದೆ ಎಳೆಯಿರಿ, ಮಾನಿಟರ್ ಧೂಳು ಒರೆಸಿ, ಅದರ ಬ್ರೈಟ್‌ನೆಸ್ ಸರಿಮಾಡಿ. ಗೇನ್ ಗುಂಡಿ ಮುಟ್ಟೋದು ಅದಾದ ಮೇಲೆ.

ಡೆಪ್ತ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎದೆಯ ಸ್ನಾಯು ತಳದಲ್ಲಿ ಕಾಣಲಿ, ಅದರ ಕೆಳಗೆ ಶ್ವಾಸಕೋಶ ಅರ್ಧ ಪರದೆ ತುಂಬದಿರಲಿ. ಫೋಕಸ್ ಗಂಟಿನ ಮಟ್ಟಕ್ಕೆ ಇರಲಿ.

ಮೇಲೆ ಚೆನ್ನಾಗಿದೆ, ಆಳದಲ್ಲಿ ಕತ್ತಲೆ

ಇಲ್ಲಿ ತಟ್ಟನೆ ಆವರ್ತನ ಇಳಿಸಬೇಡಿ (ಇಳಿಸಿದರೆ ಶಬ್ದ ಆಳಕ್ಕೆ ಹೋಗುತ್ತದೆ, ಆದರೆ ಸ್ಪಷ್ಟತೆ ಕಮ್ಮಿ). ಶಬ್ದ ದಾಟಬೇಕಾದ ದಪ್ಪವನ್ನು ಕಮ್ಮಿ ಮಾಡೋದು ಅದಕ್ಕಿಂತ ಒಳ್ಳೆಯ ದಾರಿ. ರೋಗಿ ಅಂಗಾತ ಮಲಗಿದರೆ ಸ್ತನದ ಹೊರಭಾಗ ಪಕ್ಕಕ್ಕೆ ಜಾರಿ ಗುಡ್ಡೆಯಾಗುತ್ತದೆ. ಆ ಕಡೆಯ ಭುಜದ ಕೆಳಗೆ ದಿಂಬೋ ಮಡಚಿದ ಚಾದರವೋ ಕೊಟ್ಟು ಎದುರು ಪಕ್ಕಕ್ಕೆ ಸ್ವಲ್ಪ ಹೊರಳಿಸಿ. ಅದೇ ಕಡೆಯ ಕೈ ತಲೆಯ ಮೇಲೆ ಹೋಗಲಿ. ಈಗ ಸ್ತನ ಎದೆಗೂಡಿನ ಮೇಲೆ ಚಪ್ಪಟೆಯಾಗಿ ಹರಡುತ್ತದೆ. ಒಳಭಾಗ ನೋಡುವಾಗ ದಿಂಬು ತೆಗೆದು ಮತ್ತೆ ಅಂಗಾತ ಮಲಗಿಸಿ. ಭುಜ ಹಿಡಿದುಕೊಂಡ ಅಜ್ಜಿಯರಿಗೆ ಕೈ ಪೂರ್ತಿ ಏಳೋದಿಲ್ಲ. ಎದ್ದಷ್ಟೇ ಸಾಕು, ಎಳೆಯಬೇಡಿ. ನೋಡದ ಕಡೆಯ ಎದೆಯ ಮೇಲೆ ಸೆರಗು ಹಾಗೇ ಇರಲಿ, ಕೋಣೆಯಲ್ಲಿ ಒಬ್ಬ ಮಹಿಳಾ ಸಿಬ್ಬಂದಿ ಇರಲಿ. ಸಂಕೋಚದಿಂದ ಮೈ ಬಿಗಿಹಿಡಿದ ರೋಗಿಯ ಸ್ತನ ಚಪ್ಪಟೆಯಾಗೋದೇ ಇಲ್ಲ. ಇದು ಸೌಜನ್ಯವೂ ಹೌದು, ಚಿತ್ರದ ಗುಣಮಟ್ಟದ ವಿಷಯವೂ ಹೌದು.

ಆಮೇಲೆ ಪ್ರೋಬ್‌ನಿಂದ ಹದವಾಗಿ ಒತ್ತಿ. ಇನ್ನೂ ಕತ್ತಲೆ ಇದ್ದರೆ ಟಿಜಿಸಿಯ (ಆಳಕ್ಕೆ ತಕ್ಕಂತೆ ಗೇನ್ ಬದಲಿಸುವ ಸಾಲು) ಕೆಳಗಿನ ಗುಂಡಿಗಳನ್ನು ಬಲಕ್ಕೆ ಸರಿಸಿ, ಫೋಕಸ್ ಇಳಿಸಿ. ಅದೂ ಆಗದಿದ್ದರೆ ಹಾರ್ಮೋನಿಕ್ಸ್ ಆಫ್ ಮಾಡಿ. ಅದು ಚಿತ್ರ ಶುದ್ಧ ಮಾಡುತ್ತದೆ, ಆದರೆ ಆಳಕ್ಕೆ ಹೋಗೋದಿಲ್ಲ. ಆವರ್ತನ ಇಳಿಸುವುದು ಕೊನೆಗೆ, ಅದೂ ಆಳದ ಭಾಗ ನೋಡುವ ಹೊತ್ತಿಗೆ ಮಾತ್ರ. ಮೇಲಿನ ಭಾಗಕ್ಕೆ ಬಂದಾಗ ಮತ್ತೆ ಏರಿಸೋದು ಮರೆಯಬೇಡಿ.

ಕೊಬ್ಬು ಜಾಸ್ತಿ ಇರುವ ಸ್ತನದಲ್ಲಿ ಇನ್ನೊಂದು ಕಾರಣ ಇದೆ. ಮಷಿನ್‌ಗಳು ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಅಂತ ಹಿಡಿದು ಲೆಕ್ಕ ಹಾಕುತ್ತವೆ. ಕೊಬ್ಬಿನಲ್ಲಿ ಅದು ಸುಮಾರು 1450. ಲೆಕ್ಕ ತಪ್ಪಿದಷ್ಟೂ ಫೋಕಸ್ ಚದುರುತ್ತದೆ. ಇದನ್ನು ಸರಿಪಡಿಸುವ ಆಯ್ಕೆ ಕೆಲವು ಹೊಸ ಮಷಿನ್‌ಗಳ ಮೆನುವಿನಲ್ಲಿ ಇರುತ್ತದೆ. ಒಮ್ಮೆ ಹಚ್ಚಿ ನೋಡಿ, ಅಂಚುಗಳು ಚುರುಕಾದರೆ ಬ್ರೆಸ್ಟ್ ಪ್ರೀಸೆಟ್‌ನಲ್ಲೇ ಸೇವ್ ಮಾಡಿಡಿ.

ಇಷ್ಟೆಲ್ಲಾ ಆದರೂ ಎದೆಯ ಸ್ನಾಯು ಕಾಣಲಿಲ್ಲ ಅಂದರೆ ರಿಪೋರ್ಟ್‌ನಲ್ಲಿ ಹಾಗೇ ಬರೆಯಿರಿ: ಆಳದ ಭಾಗ ಪೂರ್ತಿ ನೋಡಲು ಆಗಿಲ್ಲ. 'ನಾರ್ಮಲ್' ಅಂತ ಬರೆಯೋದು ಅಲ್ಲಿ ತಪ್ಪು.

ಮೊಲೆತೊಟ್ಟಿನ ಹಿಂದೆ ಕಪ್ಪು ಕಂಬ

ತೊಟ್ಟಿನ ಸುಕ್ಕುಗಳಲ್ಲಿ ಗಾಳಿ ಕೂತಿರುತ್ತದೆ, ತೊಟ್ಟೊಳಗಿನ ನಾರು ಶಬ್ದವನ್ನು ನುಂಗುತ್ತದೆ. ತಣ್ಣಗಿನ ಜೆಲ್ ಬಿದ್ದರೆ ತೊಟ್ಟು ಮುದುಡಿ ಇನ್ನೂ ಕೆಡುತ್ತದೆ. ಡಿಸೆಂಬರ್‌ನ ಬೆಳಗಾವಿ ಚಳಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಜೆಲ್ ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಇಡಿ, ಹಾಕುವ ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ಮುಟ್ಟಿಸಿ ನೋಡಿ. ತೊಟ್ಟಿನ ಸುತ್ತ ಜೆಲ್ ಧಾರಾಳವಾಗಿ ಹಾಕಿ.

ಪ್ರೋಬ್ ನೇರ ತೊಟ್ಟಿನ ಮೇಲೆ ಇಡುವ ಬದಲು ಪಕ್ಕದಲ್ಲಿ ಇಟ್ಟು, ಓರೆ ಮಾಡಿ ತೊಟ್ಟಿನ ಬುಡಕ್ಕೆ ನೋಡಿ. ಇನ್ನೊಂದು ಕೈಯಿಂದ ಎದುರು ಬದಿಯ ಚರ್ಮ ಒತ್ತಿ ಹಿಡಿದರೆ ತೊಟ್ಟು ಮಲಗುತ್ತದೆ, ಹಾಲಿನ ನಾಳ ಪ್ರೋಬ್‌ಗೆ ಅಡ್ಡಲಾಗಿ ಬರುತ್ತದೆ. ಸುತ್ತ ನಾಲ್ಕೂ ಕಡೆಯಿಂದ ಹೀಗೆ ಮಾಡಿ. ನೆರಳು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋದರೆ ಅದು ತೊಟ್ಟಿನದು. ಎಲ್ಲಾ ಕಡೆಯಿಂದಲೂ ಅದೇ ಜಾಗದಲ್ಲಿ ಉಳಿದರೆ ಹಿಂದೆ ಏನೋ ಇದೆ ಅಂತಲೇ ತಿಳಿಯಿರಿ. ಒಂದೇ ತೊಟ್ಟಿನಿಂದ ತಾನಾಗೇ ರಕ್ತ ಬರುತ್ತಿದೆ, ಅಥವಾ ತೊಟ್ಟು ಇತ್ತೀಚೆಗೆ ಒಳಗೆ ಎಳೆದುಕೊಂಡಿದೆ ಅಂದರೆ ಚಿತ್ರ ಹೇಗೇ ಬರಲಿ, ಸರ್ಜನ್ ಹತ್ತಿರ ಕಳಿಸಲೇಬೇಕು.

ನೀರುಗಂಟಿನೊಳಗೆ ಕಸ ಕಾಣುತ್ತದೆ

ಅತಿ ಜಾಸ್ತಿ ತಲೆ ಕೆಡಿಸುವ ತೊಂದರೆ ಇದೇ. ಬರೀ ನೀರು ತುಂಬಿದ ಸಿಸ್ಟ್ ಆಗಿದ್ದರೆ ರೋಗಿಯನ್ನು ಸಮಾಧಾನ ಮಾಡಿ ಕಳಿಸಬಹುದು. ಒಳಗೆ ನಿಜವಾಗಿ ಏನಾದರೂ ಇದ್ದರೆ ಸೂಜಿ ಹಾಕಬೇಕಾಗುತ್ತದೆ. ಮಷಿನ್ ಹುಟ್ಟಿಸಿದ ಕಸಕ್ಕೂ ನಿಜವಾದ ಕಸಕ್ಕೂ ವ್ಯತ್ಯಾಸ ಕಂಡುಹಿಡಿಯೋಕೆ ಸ್ವಲ್ಪ ತಾಳ್ಮೆ ಬೇಕು.

ಮೊದಲು ಕೊಬ್ಬು ನೋಡಿ. ಬೆಳ್ಳಗಿದೆಯಾ? ಗೇನ್ ಇಳಿಸಿ, ಅರ್ಧ ಕಸ ಅಲ್ಲೇ ಹೋಗುತ್ತದೆ. ಕಸ ಸಿಸ್ಟ್‌ನ ಮೇಲ್ಗೋಡೆಯ ಹತ್ತಿರ ಮಾತ್ರ, ಗೋಡೆಗೆ ಸಮಾನಾಂತರವಾಗಿ ಪದರ ಪದರವಾಗಿ ಇದ್ದರೆ ಅದು ಶಬ್ದ ಮೇಲಿನ ಪದರಗಳ ನಡುವೆ ಹಿಂದೆ ಮುಂದೆ ಪುಟಿದು ಹುಟ್ಟಿದ್ದು. ಹಾರ್ಮೋನಿಕ್ಸ್ ಆನ್ ಮಾಡಿ, ಪ್ರೋಬ್ ಸ್ವಲ್ಪ ಓರೆ ಮಾಡಿ. ಅದು ಮಾಯವಾಗುತ್ತದೆ ಅಥವಾ ಜಾಗ ಬದಲಿಸುತ್ತದೆ.

ಸಿಸ್ಟ್ ಐದು ಮಿಲಿಮೀಟರ್‌ಗಿಂತ ಸಣ್ಣದಾಗಿದ್ದರೆ ಬೇರೆ ಕತೆ. ಶಬ್ದದ ಕಿರಣಕ್ಕೂ ಒಂದು ದಪ್ಪ ಇದೆ. ಆ ದಪ್ಪ ಸಿಸ್ಟ್‌ಗಿಂತ ಜಾಸ್ತಿಯಾದರೆ ಅಕ್ಕಪಕ್ಕದ ಅಂಗಾಂಶವೂ ಅದರೊಳಗೆ ಬಂದು ಕೂತಂತೆ ಕಾಣುತ್ತದೆ. ಪ್ರೋಬ್ ಅನ್ನು ಕೂದಲೆಳೆಯಷ್ಟು ಸರಿಸುತ್ತ ಸಿಸ್ಟ್‌ನ ನಟ್ಟನಡುವಿಗೆ ಬನ್ನಿ. ಆವರ್ತನ ಏರಿಸಿ, ಸ್ವಲ್ಪ ಒತ್ತಿ. ನಡುವಲ್ಲಿ ಒಂದು ಕ್ಷಣ ಕಪ್ಪಾದರೂ ಸಾಕು, ಆ ಚಿತ್ರ ಹಿಡಿಯಿರಿ.

ಈಗ ಹಿಂಭಾಗ ನೋಡಿ. ನೀರಿನ ಹಿಂದೆ ಬೆಳಕು ಬರಬೇಕು. ಬರುತ್ತಿಲ್ಲವಾ? ಕಾಂಪೌಂಡಿಂಗ್ ಆನ್ ಇರಬಹುದು. ಅದು ಬೇರೆಬೇರೆ ಕೋನದಿಂದ ಚಿತ್ರ ತೆಗೆದು ಸೇರಿಸುತ್ತದೆ. ಅಂಚು ಚಂದ ಬರುತ್ತದೆ, ಕಾಳು ಕಾಳು ಕಮ್ಮಿಯಾಗುತ್ತದೆ. ಆದರೆ ಗಂಟಿನ ಹಿಂದಿನ ಬೆಳಕು ಮತ್ತು ನೆರಳು ಎರಡನ್ನೂ ತೆಳುಮಾಡುತ್ತದೆ. ಡೆಮೊ ಕೊಡುವವರು ಈ ಮಾತು ಹೇಳೋದಿಲ್ಲ. ಅವರಿಗೆ ಚಿತ್ರ ಚಂದ ಇದ್ದರೆ ಆಯಿತು. ಒಂದು ಸಲ ಆನ್, ಒಂದು ಸಲ ಆಫ್ ಮಾಡಿ ಎರಡೂ ಚಿತ್ರ ಉಳಿಸಿ. ಕ್ಯಾನ್ಸರ್ ಗಂಟಿನ ಹಿಂದಿನ ನೆರಳು ಕಳೆದುಹೋಗೋದು ಇದೇ ಗುಂಡಿಯಿಂದ.

ಕಸ ಇನ್ನೂ ಉಳಿದಿದ್ದರೆ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಒಂದೆರಡು ನಿಮಿಷ ಬಿಟ್ಟು ನೋಡಿ. ದಪ್ಪ ದ್ರವದ ಕಣಗಳು ನಿಧಾನಕ್ಕೆ ಕೆಳಗೆ ಇಳಿಯುತ್ತವೆ. ಗೋಡೆಗೆ ಅಂಟಿದ ಗಡ್ಡೆ ಇಳಿಯೋದಿಲ್ಲ. ಅದರೊಳಗೆ ಡಾಪ್ಲರ್ ಬಣ್ಣ (ರಕ್ತ ಓಡುವ ಗುರುತು) ಬಂದರಂತೂ ಗುಂಡಿ ತಿರುವೋದು ಅಲ್ಲಿಗೇ ನಿಲ್ಲಿಸಿ. ಅದು ಬಯಾಪ್ಸಿಯ ಗಂಟು. ಗೋಡೆ ದಪ್ಪ ಇದ್ದರೂ ಅಷ್ಟೇ.

ಇದರ ಉಲ್ಟಾ ಅಪಾಯವೂ ಇದೆ, ಅದು ಇನ್ನೂ ಕೆಟ್ಟದ್ದು. ಕಸ ಹೋಗಲಿ ಅಂತ ಗೇನ್ ಜಾಸ್ತಿ ಇಳಿಸಿದರೆ, ಡೈನಮಿಕ್ ರೇಂಜ್ (ಎಷ್ಟು ಬೂದು ಛಾಯೆ ಕಾಣಬೇಕು ಅನ್ನುವ ಸೆಟ್ಟಿಂಗ್) ತೀರಾ ಕಮ್ಮಿ ಮಾಡಿದರೆ, ಘನ ಗಂಟೂ ಕಪ್ಪಗೆ ನೀರಿನಂತೆ ಕಾಣುತ್ತದೆ. ಬೇಗ ಬೆಳೆಯುವ ಕೆಲವು ಕ್ಯಾನ್ಸರ್‌ಗಳು ದುಂಡಗೆ, ಕಪ್ಪಗೆ, ಹಿಂದೆ ಬೆಳಕಿನ ಸಮೇತ ಇರುತ್ತವೆ. ಗಂಟು ಕಪ್ಪಗಾಗಿ ಕೊಬ್ಬೂ ಕಪ್ಪಗಾಗಿದ್ದರೆ ಆ ಚಿತ್ರದ ಮೇಲೆ 'ಸಿಸ್ಟ್' ಅಂತ ಬರೆಯಬೇಡಿ.

ಜ್ವರ, ಕೆಂಪು, ನೋವು ಇರುವ ಬಾಣಂತಿಯ ಸ್ತನದಲ್ಲಿ ಜೋರಾಗಿ ಒತ್ತುವ ಪ್ರಯೋಗ ಯಾವುದೂ ಬೇಡ. ಕೀವು ಅನಿಸಿದರೆ ಅದೇ ದಿನ ಸರ್ಜನ್ ನೋಡಲಿ. ಹಾಲು ಕುಡಿಸದ ಹೆಂಗಸಿನಲ್ಲಿ ಇಂಥದ್ದೇ ಕೆಂಪು ಬಂದು, ಆಂಟಿಬಯಾಟಿಕ್‌ಗೂ ಇಳಿಯದಿದ್ದರೆ ಅದು ಬಾವು ಅಲ್ಲದೆಯೂ ಇರಬಹುದು. ಆಗ ತಡ ಮಾಡದೆ ಮುಂದೆ ಕಳಿಸಿ.

"ಇಲ್ಲೇ ಹತ್ತತೈತ್ರಿ" ಅಂತಾರೆ, ಪರದೆಯಲ್ಲಿ ಏನೂ ಇಲ್ಲ

ಅವರು ಹೇಳಿದ್ದು ನಿಜ ಅಂತಲೇ ಇಟ್ಟುಕೊಂಡು ಶುರುಮಾಡಿ. ಒಂದೇ ಬೆರಳಿಂದ ತೋರಿಸೋಕೆ ಹೇಳಿ. ಅಂಗೈಯಿಂದ ಇಡೀ ಎದೆ ಸವರಿ ತೋರಿಸಿದರೆ ಜಾಗ ಸಿಗೋದಿಲ್ಲ. ಮನೆಯಲ್ಲಿ ಕೂತಾಗ, ಸ್ನಾನ ಮಾಡುವಾಗ ಸಿಕ್ಕ ಗಂಟು ಮಲಗಿದಾಗ ಜಾರಿ ಹೋಗುತ್ತದೆ. ಕೂರಿಸಿಯೇ ಸ್ಕ್ಯಾನ್ ಮಾಡಿ, ತಪ್ಪೇನಿಲ್ಲ. ಗಂಟು ಸಿಕ್ಕ ಮೇಲೆ ಎಡಗೈಯ ಎರಡು ಬೆರಳ ನಡುವೆ ಅದನ್ನು ಕದಲದಂತೆ ಹಿಡಿದು, ಬೆರಳ ಸಂದಿಯಲ್ಲಿ ಪ್ರೋಬ್ ಇಡಿ. ಈಗ ಪ್ರೋಬ್‌ನ ಕೆಳಗೆ ಇರೋದು ಆ ಗಂಟೇ.

ಆದರೂ ಕಾಣದಿದ್ದರೆ ಮೂರು ಸಾಧ್ಯತೆ ಯೋಚಿಸಿ.

ತೀರಾ ಮೇಲೆ ಇರಬಹುದು. ಚರ್ಮದಿಂದ ಮೊದಲ ಕೆಲವು ಮಿಲಿಮೀಟರ್‌ನಲ್ಲಿ ಪ್ರೋಬ್‌ಗೆ ದೃಷ್ಟಿ ಚೆನ್ನಾಗಿರೋದಿಲ್ಲ. ಅಲ್ಲಿ ಒತ್ತಿದಷ್ಟೂ ಗಂಟು ಅದೃಶ್ಯವಾಗುತ್ತದೆ. ಜೆಲ್ ದಪ್ಪಗೆ ಗುಡ್ಡೆ ಹಾಕಿ, ಪ್ರೋಬ್ ಅದರ ಮೇಲೆ ತೇಲಿಸಿ. ಚರ್ಮದ ಗೆರೆ ಪರದೆಯಲ್ಲಿ ಸ್ವಲ್ಪ ಕೆಳಗೆ ಇಳಿದು, ಮೇಲೆ ಕಪ್ಪು ಜೆಲ್ ಪಟ್ಟಿ ಕಾಣಬೇಕು. ಫೋಕಸ್ ಮೇಲಕ್ಕೆ, ಆವರ್ತನ ಇದ್ದಷ್ಟೂ ಜಾಸ್ತಿ. ಸ್ಟ್ಯಾಂಡ್‌ಆಫ್ ಪ್ಯಾಡ್ (ಚರ್ಮಕ್ಕೂ ಪ್ರೋಬ್‌ಗೂ ನಡುವೆ ಇಡುವ ಜೆಲ್ ಮೆತ್ತೆ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಜೆಲ್ ಗುಡ್ಡೆಯೇ ಸಾಕು.

ಎರಡನೆಯದು, ಗಂಟು ಕೊಬ್ಬಿನ ಬಣ್ಣದಲ್ಲೇ ಇರಬಹುದು. ಫೈಬ್ರೋಅಡೆನೋಮಾ (ಕ್ಯಾನ್ಸರ್ ಅಲ್ಲದ ಒಂದು ಗಂಟು) ಎಷ್ಟೋ ಸಲ ಕೊಬ್ಬಿನ ಉಂಡೆಯಂತೆಯೇ ಇರುತ್ತದೆ. ಹಾರ್ಮೋನಿಕ್ಸ್ ಆನ್ ಮಾಡಿ, ಡೈನಮಿಕ್ ರೇಂಜ್ ಒಂದೆರಡು ಮೆಟ್ಟಿಲು ಬದಲಿಸಿ, ಬೂದುಗಳ ನಡುವೆ ಅಂತರ ಬರುತ್ತದಾ ನೋಡಿ. ಆಮೇಲೆ ಪ್ರೋಬ್ ಅನ್ನು ಅಲ್ಲೇ 90 ಡಿಗ್ರಿ ತಿರುಗಿಸಿ. ಸೌತೆಕಾಯಿ ಅಡ್ಡ ಕೊಯ್ದರೆ ದುಂಡು, ಉದ್ದ ಸೀಳಿದರೆ ಉದ್ದ. ಕೊಬ್ಬಿನ ಉಂಡೆಯೂ ಹಾಗೇ. ತಿರುಗಿಸಿದಾಗ ಉದ್ದವಾಗಿ ಪಕ್ಕದ ಕೊಬ್ಬಿಗೆ ಸೇರಿಕೊಳ್ಳುತ್ತದೆ, ಒತ್ತಿದರೆ ಚಪ್ಪಟೆಯಾಗುತ್ತದೆ. ನಿಜವಾದ ಗಂಟು ಎರಡೂ ದಿಕ್ಕಿನಲ್ಲಿ ಗಂಟೇ. ಸ್ತನದ ಒಳಭಾಗದಲ್ಲಿ ಪಕ್ಕೆಲುಬನ್ನು ಗಂಟು ಅಂತ ಅಳೆದು ಬಿಡುವ ತಪ್ಪು ಕೂಡ ಹೀಗೆ ತಿರುಗಿಸಿ ನೋಡಿದರೆ ಆಗೋದಿಲ್ಲ. ಅದು ಎದೆಯ ಸ್ನಾಯುವಿನ ಕೆಳಗಿರುತ್ತದೆ, ತಿರುಗಿಸಿದರೆ ಉದ್ದಕ್ಕೆ ಓಡುತ್ತದೆ.

ಇನ್ನೂ ಅನುಮಾನ ಇದ್ದರೆ ಪವರ್ ಡಾಪ್ಲರ್ ಹಚ್ಚಿ, ರೋಗಿಗೆ "ಹ್ಮ್ಮ್" ಅಂತ ದಪ್ಪ ದನಿಯಲ್ಲಿ ಗುನುಗೋಕೆ ಹೇಳಿ. ಎದೆ ನಡುಗಿ ಸುತ್ತಲಿನ ಅಂಗಾಂಶವೆಲ್ಲ ಬಣ್ಣ ತುಂಬಿಕೊಳ್ಳುತ್ತದೆ, ಗಂಟು ಇರುವ ಕಡೆ ಬಣ್ಣವಿಲ್ಲದ ಖಾಲಿ ಜಾಗ ಉಳಿಯುತ್ತದೆ. ಮೊದಲ ಸಲ ಹೇಳಿದಾಗ ಎಲ್ಲರೂ ನಗುತ್ತಾರೆ. ನಗಲಿ, ಮೈ ಸಡಿಲಾಗುತ್ತದೆ. ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ, ಜಾಗ ಗುರುತಿಸೋಕೆ ಮಾತ್ರ ಬಳಸಿ.

ಮೂರನೆಯದು, ನೀವು ಪ್ರೋಬ್ ಇಡದ ಜಾಗ. ಕಂಕುಳ ಕಡೆಗೆ ಚಾಚಿದ ಭಾಗ, ಸ್ತನದ ಕೆಳ ಮಡಿಕೆ. ಇವೆರಡನ್ನು ಬೇಕಂತಲೇ ನೋಡದಿದ್ದರೆ ಬಿಟ್ಟುಹೋಗುತ್ತವೆ.

ಎಲ್ಲಾ ಮಾಡಿಯೂ ಏನೂ ಕಾಣಲಿಲ್ಲ, ಕೈಗೆ ಗಟ್ಟಿ ಗಂಟು ಸಿಗುತ್ತಲೇ ಇದೆ. ಇಲ್ಲಿ ನಿಲ್ಲಿಸಿ. ಅಲ್ಟ್ರಾಸೌಂಡ್‌ನಲ್ಲಿ ಕಾಣದ ಕ್ಯಾನ್ಸರ್ ಇರುತ್ತದೆ. ಅತಿ ಸಣ್ಣ ಸುಣ್ಣದ ಕಣಗಳು ಮ್ಯಾಮೋಗ್ರಾಮ್‌ನಲ್ಲಿ ಕಾಣುವಷ್ಟು ಚೆನ್ನಾಗಿ ಇಲ್ಲಿ ಕಾಣೋದಿಲ್ಲ. ನಲವತ್ತು ದಾಟಿದವರಿಗಂತೂ ಮ್ಯಾಮೋಗ್ರಾಮ್ ಆಗಲೇಬೇಕು. ವಯಸ್ಸು ಕಮ್ಮಿಯಿದ್ದರೂ ಗಂಟು ಅನುಮಾನ ತರುವಂತಿದ್ದರೆ ಸರ್ಜನ್ ಮುಟ್ಟಿ ನೋಡಿ ಬಯಾಪ್ಸಿ ತೀರ್ಮಾನಿಸಲಿ. ಅಥಣಿ, ಚಿಕ್ಕೋಡಿ ಕಡೆಯವರು ಮಿರಜ್‌ಗೆ ಹೋಗುತ್ತಾರೆ, ಇಂಡಿ ಕಡೆಯವರು ಸೊಲ್ಲಾಪುರಕ್ಕೆ, ಉಳಿದವರು ಬೆಳಗಾವಿ ಇಲ್ಲವೇ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ. ಎಲ್ಲಿಗೇ ಹೋಗಲಿ, "ಸ್ಕ್ಯಾನ್ ನಾರ್ಮಲ್ ಐತಿ, ಹೆದರಬ್ಯಾಡ್ರಿ" ಅನ್ನುವ ಒಂದು ಮಾತು ಅವರನ್ನು ಆರು ತಿಂಗಳು ಮನೆಯಲ್ಲಿ ಕೂರಿಸುತ್ತದೆ.

ನೆರಳು ಬರುತ್ತದೆ, ಹೋಗುತ್ತದೆ

ಸ್ತನವನ್ನು ಹಿಡಿದಿಟ್ಟ ನಾರಿನ ಎಳೆಗಳು ಓರೆಯಾಗಿರುತ್ತವೆ. ಶಬ್ದ ಅವಕ್ಕೆ ತಾಗಿ ಬಾಗಿದಾಗ ಹಿಂದೆ ನೆರಳು ಬೀಳುತ್ತದೆ. ಸ್ವಲ್ಪ ಒತ್ತಿದರೆ, ಪ್ರೋಬ್ ಓರೆ ಮಾಡಿದರೆ ಹೋಗುತ್ತದೆ. ಹೋದರೆ ಚಿಂತೆಯಿಲ್ಲ. ಸಿಸ್ಟ್‌ನ ಎರಡೂ ಪಕ್ಕದಿಂದ ಇಳಿಯುವ ತೆಳು ನೆರಳೂ ಇದೇ ಜಾತಿ. ಹಳೇ ಆಪರೇಷನ್ ಗಾಯದ ಕೆಳಗೂ ನೆರಳು ಇರುತ್ತದೆ, ಅದಕ್ಕೇ ಸ್ಕ್ಯಾನ್‌ಗೆ ಮೊದಲು ಗಾಯದ ಗುರುತು ಎಲ್ಲಿದೆ ಅಂತ ಕಣ್ಣಲ್ಲಿ ನೋಡಿ. ಒತ್ತಿದರೂ, ತಿರುಗಿಸಿದರೂ, ಎರಡೂ ದಿಕ್ಕಿನಲ್ಲಿ ಅಲ್ಲೇ ನಿಂತ ನೆರಳು ಮಾತ್ರ ನಿಜ. ಗಾಯವಿಲ್ಲದ ಕಡೆ ಅಂಥದ್ದು ಸಿಕ್ಕರೆ ಅದನ್ನು ಕ್ಯಾನ್ಸರ್ ಅಲ್ಲ ಅಂತ ಸಾಬೀತಾಗುವವರೆಗೂ ಬಿಡಬಾರದು.

ಡಾಪ್ಲರ್‌ನಲ್ಲಿ ಬಣ್ಣವೇ ಇಲ್ಲ

ಕೈ ಸಡಿಲ ಬಿಡಿ. ಒತ್ತಿದರೆ ಸಣ್ಣ ರಕ್ತನಾಳ ಮುಚ್ಚಿಹೋಗುತ್ತದೆ. ಇದೊಂದರಿಂದಲೇ ಹೆಚ್ಚಿನ ಸಲ ಸರಿಯಾಗುತ್ತದೆ. ಆಮೇಲೆ ವೇಗದ ಮಾಪಕ ಇಳಿಸಿ, ವಾಲ್ ಫಿಲ್ಟರ್ (ನಿಧಾನದ ಚಲನೆಯನ್ನು ಅಳಿಸುವ ಸೆಟ್ಟಿಂಗ್) ಕಮ್ಮಿ ಮಾಡಿ, ಬಾಕ್ಸ್ ಸಣ್ಣದು ಮಾಡಿ. ಬಣ್ಣದ ಗೇನ್ ಅನ್ನು ಹಿನ್ನೆಲೆಯಲ್ಲಿ ಚುಕ್ಕೆ ಬರುವವರೆಗೆ ಏರಿಸಿ, ಒಂದು ಮೆಟ್ಟಿಲು ಇಳಿಸಿ. ಅಷ್ಟೇ.

ಯಾವ ರೋಗಿಗೆ ಇಟ್ಟರೂ ಅದೇ ಜಾಗದಲ್ಲಿ ಕಪ್ಪು ಪಟ್ಟಿ

ಈಗ ಪ್ರೋಬ್ ಮೇಲೆ ಅನುಮಾನ ಪಡಬಹುದು. ಪಟ್ಟಿ ಚರ್ಮದ ಗೆರೆಯಿಂದಲೇ ಶುರುವಾಗಿ, ಪ್ರೋಬ್ ಎಲ್ಲಿಗೆ ಸರಿಸಿದರೂ ಪರದೆಯ ಅದೇ ಜಾಗದಲ್ಲಿ ನಿಂತರೆ ಒಳಗಿನ ಎಲಿಮೆಂಟ್ (ಶಬ್ದ ಹೊರಡಿಸುವ ಸಣ್ಣ ಹರಳು) ಸತ್ತಿರಬಹುದು. ಜೆಲ್ ಹಚ್ಚಿದರೆ ಹೋಗುವ ಪಟ್ಟಿ ಬರೀ ಗಾಳಿ.

ಖಚಿತ ಮಾಡಿಕೊಳ್ಳೋಕೆ ಪ್ರೋಬ್ ಒರೆಸಿ ಗಾಳಿಯಲ್ಲಿ ಹಿಡಿಯಿರಿ. ಡೆಪ್ತ್ ಕಮ್ಮಿ, ಗೇನ್ ಜಾಸ್ತಿ, ಕಾಂಪೌಂಡಿಂಗ್ ಆಫ್. ಪರದೆಯ ಮೇಲ್ಭಾಗದಲ್ಲಿ ಅಡ್ಡಡ್ಡ ಬೆಳ್ಳಿ ಗೆರೆಗಳು ಒಂದರ ಕೆಳಗೊಂದು ಬರುತ್ತವೆ. ಅವು ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದೆ ಇರಬೇಕು. ನಡುವೆ ಕಪ್ಪು ಸಂದು ಕಂಡರೆ ಅಲ್ಲಿ ತೊಂದರೆ. ಇನ್ನೂ ಹತ್ತಿರದಿಂದ ನೋಡಬೇಕು ಅಂದರೆ ಪ್ರೋಬ್ ಮುಖಕ್ಕೆ ತೆಳ್ಳಗೆ ಜೆಲ್ ಸವರಿ, ಪೇಪರ್ ಕ್ಲಿಪ್‌ನ ತಂತಿಯ ದುಂಡು ಬೆನ್ನನ್ನು ಅಡ್ಡಲಾಗಿ ಮುಟ್ಟಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಸರಿಸಿ. ಚೂಪು ತುದಿ ತಾಗಬಾರದು, ಒತ್ತಬಾರದು. ಕ್ಲಿಪ್ ಜೊತೆಗೆ ಪರದೆಯಲ್ಲಿ ಒಂದು ಬೆಳ್ಳಿ ಗೆರೆ ಸರಿಯುತ್ತ ಹೋಗುತ್ತದೆ. ಅದು ಎಲ್ಲಿ ಮಂಕಾಗುತ್ತದೋ ಆ ಎಲಿಮೆಂಟ್ ಕೆಲಸ ಮಾಡುತ್ತಿಲ್ಲ.

ಪ್ರೋಬ್ ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಪಟ್ಟಿ ಹೋದರೆ ದೋಷ ಪೋರ್ಟ್‌ನದು, ಉಳಿದರೆ ಪ್ರೋಬ್‌ನದು. ಈ ಒಂದು ಪರೀಕ್ಷೆ ಮಾಡಿದ್ದರೆ ಹೊಸ ಪ್ರೋಬ್ ಖರೀದಿ ಮಾಡುವ ಮೊದಲು ಮಾತಾಡೋಕೆ ನಿಮ್ಮ ಹತ್ತಿರ ಏನಾದರೂ ಇರುತ್ತದೆ. ಕೇಬಲ್ ಸ್ವಲ್ಪ ಆಡಿಸಿದಾಗ ಪಟ್ಟಿ ಬಂದು ಹೋದರೆ ಒಳಗಿನ ತಂತಿ ಕಡಿದಿದೆ. ಹೆಚ್ಚಾಗಿ ಮಷಿನ್‌ನ ಗಾಲಿ ಕೇಬಲ್ ಮೇಲೆ ಹಾದಿರುತ್ತದೆ.

ಪ್ರೋಬ್‌ನ ಮುಖ ಉಬ್ಬಿದೆ, ಬಿರುಕು ಬಿಟ್ಟಿದೆ, ಕೇಬಲ್ ಸಿಪ್ಪೆ ಸುಲಿದಿದೆ ಅಂದರೆ ಚಿತ್ರ ಚೆನ್ನಾಗಿದ್ದರೂ ಬಳಸಬೇಡಿ. ಜೆಲ್ ಒಳಗೆ ಇಳಿದು ರೋಗಿಗೆ ಶಾಕ್ ಹೊಡೆಯುವ ಅಪಾಯ ಇದೆ. ಫೆವಿಕ್ವಿಕ್, ಎಂ-ಸೀಲ್ ಹಚ್ಚುವ ಜಾಣತನ ಇಲ್ಲಿ ಬೇಡ.

ಚುಕ್ಕೆ, ಗೆರೆ, ಮಿಣುಕು

ಪ್ರೋಬ್ ಮೈಗೆ ಮುಟ್ಟಿಸದಿದ್ದಾಗಲೂ ಪರದೆಯಲ್ಲಿ ಚುಕ್ಕೆಗಳ ಸಾಲು ಓಡುತ್ತಿದ್ದರೆ ಅದು ಕರೆಂಟಿನ ಗಲಾಟೆ. ಯಾವಾಗ ಬರುತ್ತದೆ ಗಮನಿಸಿ. ಎಸಿ ಕಂಪ್ರೆಸರ್ ಶುರುವಾದಾಗಲಾ? ಬೋರ್‌ವೆಲ್ ಮೋಟರ್ ಹಾಕಿದಾಗಲಾ? ಕೋಣೆಯಲ್ಲಿನ ಎಲ್‌ಇಡಿ ದೀಪ, ಫ್ಯಾನ್ ರೆಗ್ಯುಲೇಟರ್, ಮೊಬೈಲ್ ಚಾರ್ಜರ್ ಒಂದೊಂದಾಗಿ ಆಫ್ ಮಾಡುತ್ತ ಹೋಗಿ. ಚಾರ್ಜರ್ ತೆಗೆದ ಕೂಡಲೇ ಸರಿಯಾಗುವ ಮಷಿನ್‌ಗಳು ಬೇಕಾದಷ್ಟಿವೆ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಬ್ಯಾಟರಿಯಿಂದ ಓಡುವ ಮಷಿನ್ ಆಗಿದ್ದರೆ ಪ್ಲಗ್ ಕಿತ್ತು ಓಡಿಸಿ ನೋಡಿ. ಚುಕ್ಕೆ ಹೋದರೆ ದೋಷ ಹೆಚ್ಚಾಗಿ ಕಟ್ಟಡದ ಕರೆಂಟಿನಲ್ಲಿರುತ್ತದೆ, ಮಷಿನ್‌ನಲ್ಲಿ ಅಲ್ಲ.

ಬೇಸಿಗೆಯಲ್ಲಿ ಮಾತ್ರ ಈ ತೊಂದರೆ ಬಂದರೆ ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿ ನೆನಪಿಸಿಕೊಳ್ಳಿ. ವಿಜಯಪುರ, ಬಾಗಲಕೋಟೆಯ ಎರಿಭೂಮಿ ಏಪ್ರಿಲ್ ಹೊತ್ತಿಗೆ ಒಣಗಿ ಬಾಯಿ ಬಿಡುತ್ತದೆ. ಮಣ್ಣು ಒಣಗಿದರೆ ಅರ್ಥಿಂಗ್ ಹಿಡಿಯೋದಿಲ್ಲ. ಗುಂಡಿಗೆ ನೀರು ಹಾಕಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಒಂದೆರಡು ವೋಲ್ಟ್ ದಾಟಬಾರದು ಅನ್ನೋದು ಸಾಮಾನ್ಯ ಲೆಕ್ಕ. ಗಲಾಟೆ ಕಮ್ಮಿಯಾಗುತ್ತದೆ ಅಂತ ಪ್ಲಗ್‌ನ ಮೂರನೇ ಪಿನ್ ಕಿತ್ತು ಹಾಕುವವರು ಇದ್ದಾರೆ. ದಯವಿಟ್ಟು ಬೇಡ, ರೋಗಿಯ ಜೀವ ಇರೋದು ಆ ಪಿನ್‌ನಲ್ಲಿ. ಮಷಿನ್ ಮುಟ್ಟಿದಾಗ ಕೈ ಜುಮ್ ಅಂದರೆ ಸ್ಕ್ಯಾನ್ ಅಲ್ಲೇ ನಿಲ್ಲಿಸಿ, ಪ್ರೋಬ್ ರೋಗಿಯ ಮೈಯಿಂದ ತೆಗೆದು, ಮೇನ್ ಸ್ವಿಚ್ ಆಫ್ ಮಾಡಿ. ಮುಂದಿನ ಕೆಲಸ ಬಯೋಮೆಡಿಕಲ್ ಎಂಜಿನಿಯರ್‌ದು. ಮಷಿನ್ ಬಿಚ್ಚುವುದು ನಿಮ್ಮ ಕೆಲಸ ಅಲ್ಲ.

ಹೊರಗೆ ನಲವತ್ತು ಡಿಗ್ರಿ ಇದ್ದಾಗ ಮಷಿನ್ ನಿಧಾನವಾಗುವುದು, ಫ್ಯಾನ್ ಜೋರಾಗಿ ಊಳಿಡುವುದು, ತಾನಾಗೇ ಆಫ್ ಆಗುವುದು ಇದ್ದರೆ ಹಿಂಬದಿಯ ಗಾಳಿ ಫಿಲ್ಟರ್ ನೋಡಿ. ನಮ್ಮ ಧೂಳಿಗೆ ಅದು ಬೇಗ ಕಂಬಳಿಯಾಗುತ್ತದೆ. ಮಷಿನ್ ಆಫ್ ಮಾಡಿ, ಪ್ಲಗ್ ತೆಗೆದು, ಕೈಪಿಡಿಯಲ್ಲಿ ಹೇಳಿದಂತೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಗೋಡೆಗೆ ಅಂಟಿಸಿ ನಿಲ್ಲಿಸಬೇಡಿ.

ಎಂಜಿನಿಯರ್‌ಗೆ ಫೋನ್ ಮಾಡುವ ಮೊದಲು

"ಚಿತ್ರ ಸರಿ ಬರ್ತಿಲ್ಲ" ಅಂದರೆ ಅವರಿಗೂ ಏನೂ ತಿಳಿಯೋದಿಲ್ಲ. ಗಾಳಿಯಲ್ಲಿ ಹಿಡಿದ ಪ್ರೋಬ್‌ನ ಚಿತ್ರ, ಚುಕ್ಕೆ ಓಡುವ ವಿಡಿಯೊ, ಯಾವ ಪೋರ್ಟ್, ಯಾವ ಹೊತ್ತು, ಏನೇನು ಮಾಡಿ ನೋಡಿದ್ದೀರಿ ಅಂತ ಬರೆದು ಕಳಿಸಿ. ಬರುವಾಗಲೇ ಸರಿಯಾದ ಭಾಗ ತರುತ್ತಾರೆ.

ಮಷಿನ್ ರಿಪೇರಿಗೆ ಹೋದಾಗ "ಅಲ್ಲಿಯವರೆಗೆ ಇದನ್ನ ಬಳಸ್ರಿ" ಅಂತ ಬದಲಿ ಮಷಿನ್ ತಂದಿಟ್ಟರೆ ಒಪ್ಪಿಕೊಂಡು ಸುಮ್ನೆ ಬಳಸಬೇಡಿ. 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಡಿ ಸೆಂಟರ್‌ನಲ್ಲಿ ಇರುವ ಪ್ರತಿ ಅಲ್ಟ್ರಾಸೌಂಡ್ ಮಷಿನ್ ನೋಂದಣಿಯಲ್ಲಿ ಇರಬೇಕು. ಮಷಿನ್ ಬದಲಾದರೂ, ಜಾಗ ಬದಲಾದರೂ ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ಮೊದಲೇ ತಿಳಿಸಬೇಕು. ಬರೀ ಸ್ತನ ನೋಡೋಕೆ ಅಂದರೂ ಕಾನೂನು ಬಿಡೋದಿಲ್ಲ.

ಪರದೆಯಲ್ಲಿ ಚೆನ್ನಾಗಿದೆ, ಪ್ರಿಂಟ್‌ನಲ್ಲಿ ಹಾಳು

ಥರ್ಮಲ್ ಪ್ರಿಂಟರ್‌ನ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಬೇರೆ, ಪರದೆಯದ್ದು ಬೇರೆ. ಬೂದು ಪಟ್ಟಿಯ ಸಮೇತ ಒಂದು ಚಿತ್ರ ಪ್ರಿಂಟ್ ತೆಗೆದು, ಎರಡೂ ಪಟ್ಟಿ ಹೋಲುವವರೆಗೆ ಪ್ರಿಂಟರ್‌ನದ್ದನ್ನು ಸರಿಮಾಡಿ. ಪರದೆಯ ಗೇನ್ ಏರಿಸಿ ಪ್ರಿಂಟ್ ಸರಿಮಾಡಬಾರದು. ಪ್ರಿಂಟ್ ಉದ್ದಕ್ಕೂ ಬಿಳಿ ಗೆರೆ ಬಂದರೆ ಪ್ರಿಂಟರ್ ಹೆಡ್ ಮೇಲೆ ಧೂಳು ಕೂತಿದೆ.

ಥರ್ಮಲ್ ಕಾಗದ ಬಿಸಿಗೆ ಕಪ್ಪಾಗುತ್ತದೆ, ಬೆಳಕಿಗೆ ಮಾಸುತ್ತದೆ. ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಮಿರಜ್‌ವರೆಗೆ ಒಯ್ದ ಪ್ರಿಂಟ್‌ನಲ್ಲಿ ಅಲ್ಲಿನ ಡಾಕ್ಟರ್‌ಗೆ ಏನು ಕಾಣಬೇಕು? ಚಿತ್ರಗಳನ್ನು ಸಿಡಿಗೋ ಪೆನ್‌ಡ್ರೈವ್‌ಗೋ ಹಾಕಿ ಕೊಡಿ. ಪ್ರತಿ ಚಿತ್ರದ ಮೇಲೆ ಎಡವೋ ಬಲವೋ, ಗಡಿಯಾರದ ಎಷ್ಟನೇ ಗಂಟೆಯ ದಿಕ್ಕು, ತೊಟ್ಟಿನಿಂದ ಎಷ್ಟು ಸೆಂಟಿಮೀಟರ್, ಪ್ರೋಬ್ ಯಾವ ದಿಕ್ಕಿಗೆ ಇತ್ತು ಅಂತ ಬರೆದಿರಲಿ. ಪ್ರತಿ ಗಂಟಿಗೂ ಅಳತೆ ಗುರುತು ಇರುವ ಒಂದು ಚಿತ್ರ, ಇಲ್ಲದ ಒಂದು ಚಿತ್ರ ಬೇಕು. ಅಳತೆಯ ಗುರುತು ಕೂರೋದು ಗಂಟಿನ ಅಂಚಿನ ಮೇಲೆಯೇ, ಮುಂದಿನ ಡಾಕ್ಟರ್ ನೋಡಬೇಕಾದದ್ದೂ ಆ ಅಂಚನ್ನೇ.